ಕೇಳುವ ಮೊದಲೇ ಗಾಡಿ ನಿಲ್ಲಲಿ

ದಸರಾ ರಜೆ ಹತ್ತಿರ ಬಂದರೆ ನಮ್ಮ ಕಡೆ ಮನೆಮನೆಯಲ್ಲೂ ಪ್ರವಾಸದ ಮಾತು. ರೋಣ, ನರಗುಂದ, ಗಜೇಂದ್ರಗಡ ಮೂರೂ ಗದಗ ಜಿಲ್ಲೆಯ ಊರುಗಳು. ಒಂದೂರಿನ ಮಗಳು ಇನ್ನೊಂದೂರಿನ ಸೊಸೆ. ಹೀಗಾಗಿ ಒಂದು ಮನೆಯವರು ಹೊರಟರೆ ಮೂರೂರಿನ ನೆಂಟರು ಕೂಡಿಕೊಳ್ಳುತ್ತಾರೆ. ಹಿಂದೆ ಅಜ್ಮೀರ್, ದೆಹಲಿ ಎಂದರೆ ಐವತ್ತು ಜನರ ದೊಡ್ಡ ಬಸ್ಸು, ಜೊತೆಗೆ ಅಡುಗೆ ಪಾತ್ರೆ, ಸೀಮೆಎಣ್ಣೆ ಸ್ಟೋವ್. ಈಗ ಹತ್ತು ಹದಿನಾಲ್ಕು ಜನರ ಚಿಕ್ಕ ತಂಡ. ದಾರಿ, ಭಾಷೆ, ಹೋಟೆಲು ಬಲ್ಲ ಒಬ್ಬ ಗೈಡ್ ಜೊತೆಗಿರುತ್ತಾನೆ. ಖರ್ಚು ತುಸು ಹೆಚ್ಚು, ತಾಪತ್ರಯ ಕಡಿಮೆ.

ಅಂಥ ಒಂದು ತಂಡದಲ್ಲಿ ನಾನೂ ಇದ್ದೆ. ಹದಿನಾಲ್ಕು ದಿನ, ಹದಿಮೂರು ಜನ: ಏಳು ಮಂದಿ ಹೆಂಗಸರು, ನಾಲ್ವರು ಗಂಡಸರು, ಇಬ್ಬರು ಮಕ್ಕಳು. ಹುಬ್ಬಳ್ಳಿಯಿಂದ ಅಜ್ಮೀರಿಗೆ ಒಂದೂವರೆ ದಿನದ ರೈಲು. ಅಲ್ಲಿಂದ ಟ್ರಾವೆಲರ್ ಗಾಡಿಯಲ್ಲಿ ಜೈಪುರ, ಆಗ್ರಾ, ದೆಹಲಿ. ದೆಹಲಿಯಿಂದ ಮತ್ತೆ ರೈಲಿನಲ್ಲಿ ಶ್ರೀನಗರ. ನಾನು ಆರೋಗ್ಯ ಇಲಾಖೆಯಲ್ಲಿ ನರ್ಸ್ ಆಗಿ ನಿವೃತ್ತಳಾದವಳು. ಔಷಧದ ಡಬ್ಬಿ ನನ್ನ ಬಳಿಯೇ ಇತ್ತು. ಆದರೂ ತಂಡದ ಮೂವರು ಕಾಯಿಲೆ ಬಿದ್ದರು. ಆ ಮೂರೂ ತಪ್ಪಿಸಬಹುದಾದ ಕಾಯಿಲೆಗಳೇ ಆಗಿದ್ದವು. ನಿಮ್ಮ ಮನೆಯವರೂ ಇಂಥ ಪ್ರವಾಸಕ್ಕೆ ಸಿದ್ಧತೆ ನಡೆಸುತ್ತಿರಬಹುದು. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಆಗ್ರಾದಲ್ಲಿ ಕಳೆದ ಎರಡು ದಿನ

ನರಗುಂದದ ಒಬ್ಬ ಖಾಲಾ ನಮ್ಮ ಜೊತೆಗಿದ್ದರು. ಅರವತ್ತರ ಹತ್ತಿರದ ವಯಸ್ಸು, ಎಂಟು ವರ್ಷದಿಂದ ಸಕ್ಕರೆ ಕಾಯಿಲೆ. ಮಾತಿನಲ್ಲಿ, ನಗೆಯಲ್ಲಿ ಎಲ್ಲರಿಗಿಂತ ಮುಂದು. ರೈಲಿನಲ್ಲಿ ಅವರು ನೀರು ಕುಡಿಯುವುದು ಕಡಿಮೆ ಎಂಬುದು ನನ್ನ ಕಣ್ಣಿಗೆ ಬಿದ್ದಿತ್ತು. "ಸಂಡಾಸಿನ ಮುಂದ ಗಂಡಸ್ರ ಸಾಲು ನಿಂತಿರ್ತೈತಿ, ಯಾರ್ ಹೋಗ್ತಾರ ಬಿಡು" ಎಂದು ನಕ್ಕಿದ್ದರು. ನಾನೂ ನಕ್ಕು ಸುಮ್ಮನಾದೆ. ಅದು ನನ್ನ ಮೊದಲ ತಪ್ಪು.

ಜೈಪುರದಿಂದ ಆಗ್ರಾ ಸುಮಾರು 240 ಕಿಲೋಮೀಟರ್. ಬೆಳಿಗ್ಗೆ ಒಂದು ಕಪ್ ಚಹಾ ಬಿಟ್ಟರೆ ಖಾಲಾ ಏನನ್ನೂ ಕುಡಿಯಲಿಲ್ಲ. ದಾರಿಯಲ್ಲಿ ಗಾಡಿ ನಿಂತದ್ದು ಒಂದೇ ಸಲ, ಊಟಕ್ಕೆ. ಆ ಢಾಬಾದ ಶೌಚಾಲಯಕ್ಕೆ ಬಾಗಿಲಿನ ಚಿಲಕವೇ ಇರಲಿಲ್ಲ. ಹೆಂಗಸರೆಲ್ಲ ಹೋಗಿ ನೋಡಿ ಹಾಗೆಯೇ ಹಿಂದೆ ಬಂದೆವು. ಮತ್ತೆ ಎರಡೂವರೆ ತಾಸು ದಾರಿ. ಗೈಡ್ ಒಳ್ಳೆಯ ಹುಡುಗ, ಆದರೆ ಖಾಲಾ ಅವರ ಮಗನ ವಯಸ್ಸಿನವನು. ಅವನಿಗೆ ಎಲ್ಲರ ಎದುರು 'ಗಾಡಿ ನಿಲ್ಲಿಸಪ್ಪಾ' ಎನ್ನಲು ಅವರಿಗೆ ನಾಚಿಕೆ. ನಿಜ ಹೇಳಬೇಕೆಂದರೆ ನನಗೂ ಬೇಕಾಗಿತ್ತು. ನಾನೂ ಕೇಳಲಿಲ್ಲ.

ಆ ರಾತ್ರಿ ಖಾಲಾ ಎರಡು ರಜಾಯಿ ಹೊದ್ದರೂ ಗಡಗಡ ನಡುಗುತ್ತಿದ್ದರು. ಜ್ವರ 103 ಡಿಗ್ರಿ. ಬಲಗಡೆ ಬೆನ್ನಿನ ಕೆಳಗೆ ಕೈಯಿಟ್ಟರೆ ಚೀರುತ್ತಿದ್ದರು. ಬಹಳ ಹೊತ್ತು ಕೇಳಿದ ಮೇಲೆ ಬಾಯಿ ಬಿಟ್ಟರು: ಅಜ್ಮೀರಿನಲ್ಲಿದ್ದಾಗಲೇ ಉರಿಮೂತ್ರ ಶುರುವಾಗಿತ್ತಂತೆ. ಮೂರು ದಿನ ಯಾರಿಗೂ ಹೇಳಿರಲಿಲ್ಲ.

ರಾತ್ರಿ ಹನ್ನೊಂದಕ್ಕೆ ಗೈಡ್ ಆಸ್ಪತ್ರೆಗೆ ಕರೆದೊಯ್ದ. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಸಕ್ಕರೆ ಪ್ರಮಾಣ ಮುನ್ನೂರು ದಾಟಿತ್ತು. ಎರಡು ದಿನ ಸಲೈನ್, ಇಂಜೆಕ್ಷನ್. 'ಇನ್ನೊಂದು ದಿನ ತಡವಾಗಿದ್ದರೆ ಸೋಂಕು ರಕ್ತಕ್ಕೆ ಸೇರುತ್ತಿತ್ತು' ಎಂದರು ವೈದ್ಯರು. ಉಳಿದವರು ತಾಜ್‌ಮಹಲ್ ನೋಡಿ ಬಂದರು. ಖಾಲಾ ಜ್ವರ ಇಳಿದ ಮೇಲೆ ಹೇಳಿದ ಮಾತು ನನಗಿನ್ನೂ ನೆನಪಿದೆ: "ತಾಜ್‌ಮಹಲ್ ನೋಡಾಕಂತ ಬಂದು ದವಾಖಾನಿ ಛತ್ತು ನೋಡಿದ್ನೆವಾ."

ತಡೆಹಿಡಿದರೆ ಏನಾಗುತ್ತದೆ?

ಮೂತ್ರನಾಳದ ಬಾಯಿಯ ಸುತ್ತ ರೋಗಾಣುಗಳು ಯಾವಾಗಲೂ ಇದ್ದೇ ಇರುತ್ತವೆ. ಮೂತ್ರ ಹರಿದುಹೋಗುವಾಗ ಅವುಗಳನ್ನೂ ತೊಳೆದುಕೊಂಡು ಹೋಗುತ್ತದೆ. ನೀರು ಕುಡಿಯದಿದ್ದರೆ ಮೂತ್ರ ಕಡಿಮೆ, ತಡೆಹಿಡಿದರೆ ತೊಳೆಯುವ ಕೆಲಸ ನಿಂತಂತೆ. ಒಳಗೆ ನಿಂತ ಮೂತ್ರದಲ್ಲಿ ರೋಗಾಣುಗಳು ಹೆಚ್ಚುತ್ತವೆ. ಗಂಡಸರ ಮೂತ್ರನಾಳ ಸುಮಾರು 20 ಸೆಂಟಿಮೀಟರ್ ಉದ್ದ, ಹೆಂಗಸರದು ಸುಮಾರು 4 ಸೆಂಟಿಮೀಟರ್ ಮಾತ್ರ. ಅದಕ್ಕಾಗಿಯೇ ಈ ಸೋಂಕು ಹೆಂಗಸರಿಗೆ ಹೆಚ್ಚು. ಸಕ್ಕರೆ ಕಾಯಿಲೆ ಇದ್ದವರು, ಗರ್ಭಿಣಿಯರು, ಮುಟ್ಟು ನಿಂತ ವಯಸ್ಸಿನವರು ಇನ್ನೂ ಎಚ್ಚರವಾಗಿರಬೇಕು.

ಉರಿ, ಮೇಲಿಂದ ಮೇಲೆ ಹೋಗಬೇಕೆನಿಸುವುದು, ಕಿಬ್ಬೊಟ್ಟೆಯಲ್ಲಿ ನೋವು, ಮೂತ್ರ ಕಲಕಿದಂತಿರುವುದು ಮೊದಲ ಲಕ್ಷಣಗಳು. ಈ ಹಂತದಲ್ಲಿ ವೈದ್ಯರನ್ನು ಕಂಡರೆ ಕೆಲವು ದಿನದ ಗುಳಿಗೆಯಲ್ಲಿ ವಾಸಿಯಾಗುತ್ತದೆ. ಚಳಿಜ್ವರ, ಬೆನ್ನಿನ ಪಕ್ಕದಲ್ಲಿ ನೋವು, ವಾಂತಿ ಬಂದರೆ ರಾತ್ರಿಯೇ ಆಸ್ಪತ್ರೆ ಸೇರಬೇಕು, ಬೆಳಗಾಗಲೆಂದು ಕಾಯಬಾರದು. ಊರಿನಿಂದ ತಂದ ಹಳೆಯ ಆಂಟಿಬಯೋಟಿಕ್ ಎರಡು ಗುಳಿಗೆ ನುಂಗಿ ಸುಮ್ಮನಾಗುವುದಂತೂ ಬೇಡವೇ ಬೇಡ. ಸೋಂಕು ಪೂರ್ತಿ ಸಾಯುವುದಿಲ್ಲ, ಮುಂದಿನ ಔಷಧಕ್ಕೂ ಬಗ್ಗುವುದಿಲ್ಲ.

ದಿನಕ್ಕೆ ಎಷ್ಟು ನೀರು ಕುಡಿಯಬೇಕೆಂಬ ಲೆಕ್ಕ ಇಡುವುದು ಕಷ್ಟ. ಮೂತ್ರದ ಬಣ್ಣವೇ ಅಳತೆ. ತಿಳಿ ಹಳದಿ ಇದ್ದರೆ ಸಾಕಷ್ಟು ಕುಡಿದಿದ್ದೀರಿ. ಕಡು ಹಳದಿಯಾದರೆ ಸಾಲದು. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಗೆ ನೀರನ್ನು ಮಿತಿಗೊಳಿಸಿದವರು ಮಾತ್ರ ತಮ್ಮ ವೈದ್ಯರ ಲೆಕ್ಕವನ್ನೇ ಪಾಲಿಸಲಿ. ಇಸ್ತಿಂಜಾ ಮಾಡುವಾಗ ಮುಂದಿನಿಂದ ಹಿಂದಕ್ಕೆ ತೊಳೆಯುವ ರೂಢಿಯನ್ನು ಹೆಣ್ಣುಮಕ್ಕಳಿಗೆ ಚಿಕ್ಕಂದಿನಿಂದಲೇ ಕಲಿಸಿ. ಪ್ಯಾಡ್ ಬಳಸುವ ದಿನಗಳಲ್ಲಿ ಗಾಡಿಯಲ್ಲಿದ್ದರೂ ನಾಲ್ಕರಿಂದ ಆರು ತಾಸಿಗೊಮ್ಮೆ ಬದಲಿಸಬೇಕು.

ಮುಟ್ಟು ಮುಂದೂಡುವ ಗುಳಿಗೆಯ ಬಗ್ಗೆಯೂ ಒಂದು ಮಾತು. ಝಿಯಾರತ್ತಿಗೆ ಹೊರಡುವಾಗ ನೆರೆಮನೆಯವರು ಕೊಟ್ಟರೆಂದು, ಅಂಗಡಿಯವರು ಕೊಟ್ಟರೆಂದು ಅದನ್ನು ನುಂಗುವವರಿದ್ದಾರೆ. ಕಾಲಿನ ರಕ್ತನಾಳದಲ್ಲಿ ಹಿಂದೆ ರಕ್ತ ಹೆಪ್ಪುಗಟ್ಟಿದ್ದವರಿಗೆ, ಯಕೃತ್ತಿನ ತೊಂದರೆ ಇದ್ದವರಿಗೆ ಅದು ಅಪಾಯ. ಅದರ ಮೇಲೆ ದಿನವಿಡೀ ಗಾಡಿಯಲ್ಲಿ ಕೂರುವುದು ಬೇರೆ. ವೈದ್ಯರನ್ನು ಕೇಳದೆ ತೆಗೆದುಕೊಳ್ಳಬೇಡಿ.

ನಿಲುಗಡೆಯನ್ನು ಹೊರಡುವ ಮೊದಲೇ ಗೊತ್ತುಮಾಡಿ

ಆಗ್ರಾದ ಆಸ್ಪತ್ರೆಯ ವರಾಂಡದಲ್ಲಿ ಕೂತಾಗ ನನಗೊಂದು ವಿಷಯ ಹೊಳೆಯಿತು. ನಾಚಿಕೆ ಬಿಡಿ, ಧೈರ್ಯವಾಗಿ ಕೇಳಿ ಎಂದು ಹೆಂಗಸರಿಗೆ ಉಪದೇಶ ಮಾಡುವುದು ಸುಲಭ. ಅರವತ್ತು ವರ್ಷದ ಸಂಕೋಚ ಒಂದು ಉಪದೇಶಕ್ಕೆ ಹೋಗುವುದಿಲ್ಲ. ಯಾರೂ ಕೇಳಬೇಕಾಗಿಯೇ ಬರದ ಹಾಗೆ ಗಾಡಿ ನಿಲ್ಲಬೇಕು. ಐವತ್ತು ಜನರ ಬಸ್ಸಿನಲ್ಲಿ ಇದು ಕಷ್ಟ: ಎಲ್ಲರೂ ಇಳಿದು ಹತ್ತುವಷ್ಟರಲ್ಲಿ ಮುಕ್ಕಾಲು ತಾಸು ಹೋಗುತ್ತದೆ. ಹದಿಮೂರು ಜನರ ಗಾಡಿಗೆ ಹದಿನೈದು ನಿಮಿಷ ಸಾಕು. ಚಿಕ್ಕ ತಂಡದ ದೊಡ್ಡ ಲಾಭ ಇದೇ, ನಾವು ಅದನ್ನೇ ಬಳಸಿಕೊಂಡಿರಲಿಲ್ಲ.

ಮೂವರು ಪ್ರಯಾಣ ಹೊರಟರೂ ಒಬ್ಬರನ್ನು ಅಮೀರ್ ಆಗಿ ಆರಿಸಿಕೊಳ್ಳಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಮಲಮೂತ್ರದ ಒತ್ತಡ ತಡೆದುಕೊಂಡು ನಮಾಝ್‌ಗೆ ನಿಲ್ಲಬಾರದೆಂದೂ ತಿಳಿಸಿದ್ದಾರೆ. ನಾವು ಅಮೀರ್ ಎಂದು ಒಬ್ಬ ಹಿರಿಯರನ್ನು ಆರಿಸಿದ್ದೆವು. ಆದರೆ ಹೆಂಗಸರ ಮಾತು ಅವರಿಗೆ ಮುಟ್ಟುವ ದಾರಿಯೇ ಇರಲಿಲ್ಲ. ಆಗ್ರಾದಿಂದ ಮುಂದೆ ಮೂರು ನಿಯಮ ಮಾಡಿಕೊಂಡೆವು.

ಮೊದಲನೆಯದು, ಯಾರು ಕೇಳಲಿ ಬಿಡಲಿ, ಎರಡು ತಾಸಿಗೊಮ್ಮೆ ಗಾಡಿ ನಿಲ್ಲಬೇಕು. ಎಲ್ಲರೂ ಇಳಿಯಬೇಕು, ನಿದ್ದೆ ಮಾಡುವವರೂ ಇಳಿದು ಐದು ನಿಮಿಷ ಅಡ್ಡಾಡಬೇಕು. ಬಹಳ ಹೊತ್ತು ಕಾಲು ಇಳಿಬಿಟ್ಟು ಕೂತರೆ ಪಾದ ಬಾತುಕೊಳ್ಳುತ್ತದೆ, ಕೆಲವರಿಗೆ ಮೀನಖಂಡದಲ್ಲಿ ರಕ್ತ ಹೆಪ್ಪುಗಟ್ಟುವುದೂ ಉಂಟು. ಹೀಗೆ ಒಂದೇ ನಿಲುಗಡೆಯಿಂದ ಎರಡು ಲಾಭ.

ಎರಡನೆಯದು, ಹೆಂಗಸರಲ್ಲಿ ಒಬ್ಬರು ನಿಲುಗಡೆಯ ಹೊಣೆ ಹೊರಬೇಕು. ಉಳಿದವರು ಅವರ ಕಿವಿಯಲ್ಲಿ ಹೇಳಿದರೆ ಸಾಕು, ಅವರು ಗೈಡ್‌ಗೆ ಹೇಳುತ್ತಾರೆ. ಯಾರಿಗಾಗಿ ಎಂದು ಯಾರೂ ಕೇಳುವಂತಿಲ್ಲ.

ಮೂರನೆಯದು, ಶೌಚಾಲಯ ನೋಡಿ ಊಟದ ಜಾಗ ಆರಿಸಬೇಕು. ದೊಡ್ಡ ಪೆಟ್ರೋಲ್ ಬಂಕುಗಳಲ್ಲಿ, ಎಕ್ಸ್‌ಪ್ರೆಸ್ ಹೆದ್ದಾರಿಯ ವಿಶ್ರಾಂತಿ ತಾಣಗಳಲ್ಲಿ ಸಾಮಾನ್ಯವಾಗಿ ಬಾಗಿಲು, ನೀರು ಎರಡೂ ಇರುತ್ತವೆ. ಗೈಡ್ ಮೊದಲು ಇಳಿದು ನೋಡಿ ಬರಲಿ. ಒಂದು ಸಾಬೂನಿನ ತುಂಡು, ಒಂದು ಮಗ್, ಬಾಗಿಲಿಗೆ ಅಡ್ಡ ಹಿಡಿಯಲು ಒಂದು ದುಪ್ಪಟ್ಟಾ ಗಾಡಿಯಲ್ಲೇ ಇರಲಿ.

ಆಗ್ರಾದಿಂದ ದೆಹಲಿಗೂ ಹೆಚ್ಚುಕಡಿಮೆ ಅಷ್ಟೇ ದೂರ. ಎರಡು ಕಡೆ ನಿಂತೆವು. ತಲುಪುವುದು ಅರ್ಧ ತಾಸು ತಡವಾಯಿತು, ಅಷ್ಟೇ.

ನೀರು, ವುಝೂ, ಬುತ್ತಿ

ನಮ್ಮ ಜಿಲ್ಲೆಯವರಿಗೆ ನೀರಿನ ಚಿಂತೆ ಹೊಸದಲ್ಲ. ಹಲವು ಹಳ್ಳಿಗಳ ಕೊಳವೆಬಾವಿಯಲ್ಲಿ ಫ್ಲೋರೈಡ್ ಹೆಚ್ಚು. ಅದಕ್ಕೆಂದೇ ಊರೂರಿಗೂ ಶುದ್ಧ ನೀರಿನ ಘಟಕ ಬಂದಿವೆ, ಕ್ಯಾನ್ ಹಿಡಿದು ಸಾಲು ನಿಲ್ಲುತ್ತೇವೆ. ಆದರೆ ಫ್ಲೋರೈಡ್ ಕೆಡುಕು ಮಾಡುವುದು ವರ್ಷಗಟ್ಟಲೆ ಕುಡಿದರೆ. ಪ್ರವಾಸದಲ್ಲಿ ಒಂದೇ ದಿನದಲ್ಲಿ ಮಲಗಿಸುವುದು ರೋಗಾಣು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ರೋಗಾಣುಗಳು ಸಾಯುತ್ತವೆ. ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಸಾಕು. ಹೋಟೆಲಿನ ಕೋಣೆಯಲ್ಲಿ ಬಳಸಲು ಒಂದು ಕರೆಂಟ್ ಕೆಟಲ್ ಒಯ್ದರೆ ಮರುದಿನದ ನೀರನ್ನು ರಾತ್ರಿಯೇ ಕುದಿಸಿ ಆರಿಸಬಹುದು. ಬಾಟಲಿ ಕೊಳ್ಳುವಾಗ ಮುಚ್ಚಳದ ಸೀಲ್ ನೀವೇ ಒಡೆಯಿರಿ. ಖಾಲಿಯಾದ ಬಾಟಲಿಯನ್ನು ಹಿಚುಕಿ ಎಸೆಯಿರಿ, ಇನ್ಯಾರೋ ಅದರಲ್ಲೇ ನಲ್ಲಿ ನೀರು ತುಂಬಿ ಮಾರದಿರಲಿ.

ನಾವು ಎಚ್ಚರ ತಪ್ಪುವುದು ವುಝೂ ಮಾಡುವಾಗ. ರೈಲಿನ ಬೇಸಿನ್ನಿನ ನೀರು ಕುಡಿಯುವ ನೀರಲ್ಲ, ನಾವು ಅದರಲ್ಲೇ ಬಾಯಿ ಮುಕ್ಕಳಿಸುತ್ತೇವೆ. ದೊಡ್ಡವರು ಉಗುಳುತ್ತಾರೆ, ಮಕ್ಕಳು ಗುಟುಕರಿಸುತ್ತಾರೆ. ಬಾಯಿಗೆ ಕುಡಿಯುವ ನೀರನ್ನೇ ಬಳಸಿ. ಪ್ರವಾದಿವರ್ಯರು(ಸ) ಒಂದು ಮುದ್ದ್, ಅಂದರೆ ಸುಮಾರು ಮುಕ್ಕಾಲು ಲೀಟರ್ ನೀರಿನಲ್ಲಿ ವುಝೂ ಮುಗಿಸುತ್ತಿದ್ದರು. ಹೀಗಿರುವಾಗ ಒಂದು ಲೀಟರಿನ ಬಾಟಲಿ ಒಬ್ಬರಿಗೆ ಧಾರಾಳ. ವುಝೂ ಆದ ಮೇಲೆ ಕಾಲ್ಬೆರಳುಗಳ ಸಂದನ್ನು ಬಟ್ಟೆಯಿಂದ ಒರೆಸಿಕೊಳ್ಳಿ. ಒದ್ದೆ ಪಾದಕ್ಕೆ ಕಾಲುಚೀಲ ಹಾಕಿ ದಿನವಿಡೀ ಕೂತರೆ ಬೆರಳ ಸಂದು ಹುಣ್ಣಾಗುತ್ತದೆ. ಬಾಟಲಿಗೆ ಬಾಯಿ ಕಚ್ಚಿ ಕುಡಿದು ಪಕ್ಕದವರಿಗೆ ಕೊಡುವ ರೂಢಿಯೂ ಬೇಡ. ನೀರಿನ ಚೀಲದ ಬಾಯಿಗೆ ಬಾಯಿಟ್ಟು ಕುಡಿಯುವುದನ್ನು ಪ್ರವಾದಿವರ್ಯರು(ಸ) ತಡೆದಿದ್ದಾರೆ. ಪ್ರತಿಯೊಬ್ಬರಿಗೂ ಅವರದೇ ಲೋಟ ಇರಲಿ.

ಊಟದಲ್ಲಿ ನಮ್ಮ ದೊಡ್ಡ ಸಮಸ್ಯೆ ಹಲಾಲ್ ಹೋಟೆಲು ಹುಡುಕುವುದು. ಸಿಗದಿದ್ದಾಗ ಬಿಸ್ಕತ್ತು, ಭಜಿ, ಚಹಾದಲ್ಲಿ ದಿನ ದೂಡುತ್ತೇವೆ. ಅದಕ್ಕೆ ಉತ್ತರ ನಮ್ಮ ಅಡುಗೆಮನೆಯಲ್ಲೇ ಇದೆ. ಜೋಳದ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಒಣಗಿದ ಪದಾರ್ಥದಲ್ಲಿ ರೋಗಾಣು ಬೆಳೆಯಲು ನೀರಿನಂಶವೇ ಇಲ್ಲ. ಒದ್ದೆ ಕೈ ತಾಗಿಸದೆ ಡಬ್ಬಿಯಲ್ಲಿಟ್ಟರೆ ಹದಿನಾಲ್ಕು ದಿನವೂ ಬಾಳುತ್ತವೆ. ಬಿಸಿ ದಾಲ್ ಎಲ್ಲ ಊರಲ್ಲೂ ಸಿಗುತ್ತದೆ, ಅದಕ್ಕೆ ರೊಟ್ಟಿ ಮುರಿದು ಹಾಕಿದರೆ ಊಟವಾಯಿತು.

ಇದಕ್ಕೆ ತದ್ವಿರುದ್ಧ, ಮನೆಯಿಂದ ಕಟ್ಟಿಕೊಂಡು ಬರುವ ಬಿರಿಯಾನಿ. ಬೇಯಿಸಿದ ಅನ್ನ ಬಿಸಿ ಆರಿ ಡಬ್ಬಿಯಲ್ಲಿ ಕೂತರೆ ಅದರಲ್ಲಿ ಒಂದು ಬಗೆಯ ರೋಗಾಣು ವಿಷ ಬಿಡುತ್ತದೆ. ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗುವುದಿಲ್ಲ. ಬಿರಿಯಾನಿಯನ್ನು ಮಾಡಿದ ಎರಡು ತಾಸಿನೊಳಗೆ ಉಣ್ಣಬೇಕು. ರಾತ್ರಿ ಮಾಡಿದ್ದನ್ನು ಮರುದಿನ ಮಧ್ಯಾಹ್ನ ರೈಲಿನಲ್ಲಿ ಬಿಚ್ಚುವುದೆಂದರೆ ಕಾಯಿಲೆಯ ಬುತ್ತಿ ಬಿಚ್ಚಿದಂತೆ. ಒಂದೇ ತಟ್ಟೆಯ ಸುತ್ತ ಕೂತು ಉಣ್ಣುವ ನಮ್ಮ ಪದ್ಧತಿ ಚೆಂದ. ಆದರೆ ಎಲ್ಲರೂ ಸಾಬೂನು ಹಚ್ಚಿ ಇಪ್ಪತ್ತು ಸೆಕೆಂಡ್ ಕೈ ತೊಳೆದಿರಬೇಕು. ಭೇದಿ, ವಾಂತಿ ಇದ್ದವರಿಗೆ ಬೇರೆ ತಟ್ಟೆ ಕೊಡಬೇಕು. ಮಣ್ಣು, ಜಿಡ್ಡು ಹತ್ತಿದ ಕೈಗೆ ಸ್ಯಾನಿಟೈಸರ್ ಸಾಲದು.

ಜೈಪುರದಲ್ಲಿ ಮಗುವಿಗೆ ಭೇದಿ

ಆಗ್ರಾಕ್ಕೆ ಬರುವ ಮೊದಲೇ, ಜೈಪುರದಲ್ಲಿ, ರೋಣದ ದಂಪತಿಯ ಮೂರು ವರ್ಷದ ಮಗುವಿಗೆ ಭೇದಿ ಶುರುವಾಗಿತ್ತು. ಹಿಂದಿನ ಸಂಜೆ ಬೀದಿಯಲ್ಲಿ ಬಣ್ಣದ ಐಸ್ ಗೋಲಾ ತಿಂದಿತ್ತು. ಗೋಲಾದ ಬಣ್ಣವನ್ನು ಎಲ್ಲರೂ ಬೈದರು. ಆದರೆ ರೋಗ ತರುವುದು ಬಣ್ಣವಲ್ಲ, ಐಸ್ ಮಾಡಿದ ನೀರು. ರೋಗಾಣುಗಳು ಮಂಜುಗಡ್ಡೆಯಲ್ಲಿ ಸಾಯುವುದಿಲ್ಲ.

ತಾಯಿ ಅಂಗಡಿಯಿಂದ ಭೇದಿ ನಿಲ್ಲಿಸುವ ಗುಳಿಗೆ ತರಿಸಲು ಹೊರಟಿದ್ದಳು. ನಾನು ತಡೆದೆ. ಚಿಕ್ಕ ಮಕ್ಕಳಿಗೆ ಅದನ್ನು ಕೊಡಬಾರದು. ಬೇಕಾದದ್ದು ಓಆರ್‌ಎಸ್. 1971ರ ಬಾಂಗ್ಲಾ ಯುದ್ಧದ ವೇಳೆ ಬನ್‌ಗಾಂವ್‌ನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ ಸಲೈನ್ ಮುಗಿದುಹೋದಾಗ, ಡಾ. ದಿಲೀಪ್ ಮಹಲನಬಿಸ್ ಉಪ್ಪು, ಸಕ್ಕರೆ, ಸೋಡಾ ಬೆರೆಸಿದ ನೀರನ್ನೇ ಡ್ರಮ್ಮುಗಳಲ್ಲಿಟ್ಟು ಕುಡಿಸಿ ಸಾವಿರಾರು ಜೀವ ಉಳಿಸಿದರು. ನಮ್ಮ ಕೈಯಲ್ಲಿರುವ ಓಆರ್‌ಎಸ್ ಪೊಟ್ಟಣದ ಹಿಂದೆ ಆ ಅನುಭವವಿದೆ.

ದೊಡ್ಡ ಪೊಟ್ಟಣಕ್ಕೆ ಒಂದು ಲೀಟರ್ ನೀರು, ಚಿಕ್ಕದಕ್ಕೆ 200 ಮಿಲಿಲೀಟರ್. ಪೊಟ್ಟಣದ ಮೇಲೆ ಬರೆದಷ್ಟೇ ನೀರು ಹಾಕಬೇಕು, ಅರ್ಧ ಪೊಟ್ಟಣ ಅಂದಾಜಿನಲ್ಲಿ ಸುರಿಯಬಾರದು. ಕಲಸಿದ್ದನ್ನು 24 ತಾಸಿನ ನಂತರ ಚೆಲ್ಲಬೇಕು. ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಚಹಾ ಚಮಚದಲ್ಲಿ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಚಮಚದಿಂದ ಗುಟುಕು ಗುಟುಕಾಗಿ ಕೊಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಆರು ತಿಂಗಳು ದಾಟಿದ ಮಕ್ಕಳಿಗೆ ದಿನಕ್ಕೆ 20 ಮಿಲಿಗ್ರಾಂ ಸತುವಿನ ಗುಳಿಗೆಯನ್ನು 14 ದಿನ ಕೊಡುತ್ತಾರೆ. ಅಂಗಡಿಯಲ್ಲಿ ಸಿಗುವ ಸಿಹಿ ಪಾನೀಯದ ಡಬ್ಬಿಗಳನ್ನು ಓಆರ್‌ಎಸ್ ಎಂದು ನಂಬಬೇಡಿ. ಸರಿಯಾದ ಸೂತ್ರವಿಲ್ಲದ ಪಾನೀಯಗಳು ಆ ಹೆಸರು ಬಳಸಬಾರದೆಂದು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಆದೇಶಿಸಿದೆ.

ಮಗು ಕುಡಿಯಲು ಒಲ್ಲದಿದ್ದರೆ, ಕಣ್ಣು ಗುಳಿಬಿದ್ದರೆ, ಆರೆಂಟು ತಾಸು ಮೂತ್ರವೇ ಆಗದಿದ್ದರೆ, ಮಲದಲ್ಲಿ ರಕ್ತ ಕಂಡರೆ, ಮಂಪರಿನಲ್ಲಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ. ನಮ್ಮ ಮಗು ಮರುದಿನಕ್ಕೆ ಚೇತರಿಸಿಕೊಂಡಿತು.

ಬರಿಗಾಲಿನ ಹುಣ್ಣು

ಮೂರನೆಯವರು ಗಜೇಂದ್ರಗಡದ ಚಾಚಾ. ಜೀವನವಿಡೀ ಮಗ್ಗದ ಕುಣಿಯಲ್ಲಿ ಕೂತು ಸೀರೆ ನೇಯ್ದವರು. ಹದಿನೈದು ವರ್ಷದ ಸಕ್ಕರೆ ಕಾಯಿಲೆ. ದೆಹಲಿಯ ಜಾಮಾ ಮಸೀದಿಯಲ್ಲಿ ಝುಹರ್ ನಮಾಝ್ ಮುಗಿಸಿ, ಚಪ್ಪಲಿ ಕೈಯಲ್ಲಿ ಹಿಡಿದು, ಅಂಗಳದ ಕಲ್ಲಿನ ಮೇಲೆ ಸಾವಕಾಶ ಅಡ್ಡಾಡಿ ಬಂದರು. ಉಳಿದವರು ಕಾಲು ಸುಡುತ್ತದೆಂದು ಹಾಸಿನ ಮೇಲೆಯೇ ಓಡುತ್ತಿದ್ದರೆ, "ನನಗೇನೂ ಸುಡವಲ್ದು" ಎಂದು ಅವರು ಹೆಮ್ಮೆಪಟ್ಟರು. ರಾತ್ರಿ ಮೊಮ್ಮಗಳು ನೋಡಿದಾಗ ಎರಡೂ ಅಂಗಾಲಿನಲ್ಲಿ ಬೊಬ್ಬೆ ಎದ್ದಿದ್ದವು.

ಬಹುಕಾಲದ ಸಕ್ಕರೆ ಕಾಯಿಲೆ ಪಾದದ ನರಗಳನ್ನು ಮರಗಟ್ಟಿಸುತ್ತದೆ. ಬಿಸಿ, ಮುಳ್ಳು, ಗಾಜು ಯಾವುದೂ ತಿಳಿಯುವುದಿಲ್ಲ. ಚಿಕ್ಕ ಬೊಬ್ಬೆ ಹುಣ್ಣಾಗಿ, ಹುಣ್ಣು ಕೊಳೆತು ಬೆರಳು ಕತ್ತರಿಸಬೇಕಾಗಿ ಬಂದವರನ್ನು ನಾನು ಕೆಲಸದಲ್ಲಿದ್ದಾಗ ಕಂಡಿದ್ದೇನೆ. ಮಸೀದಿ, ದರ್ಗಾ, ತಾಜ್‌ಮಹಲ್ ಎಲ್ಲ ಕಡೆ ಕಲ್ಲಿನ ಅಂಗಳಗಳೇ. ಅಂಥವರು ಜೇಬಿನಲ್ಲಿ ದಪ್ಪ ಹತ್ತಿಯ ಕಾಲುಚೀಲ ಇಟ್ಟುಕೊಂಡು, ಚಪ್ಪಲಿ ಬಿಟ್ಟೊಡನೆ ಹಾಕಿಕೊಳ್ಳಬೇಕು. ಬಿಸಿಲೇರುವ ಮೊದಲು ಅಥವಾ ಅಸರ್ ನಂತರ ಹೋಗಬೇಕು. ರಾತ್ರಿ ಮಲಗುವ ಮುನ್ನ ಮನೆಯವರು ಅಂಗಾಲು, ಬೆರಳ ಸಂದು ನೋಡಬೇಕು. ಬೊಬ್ಬೆಯನ್ನು ಒಡೆಯಬಾರದು. ಶುದ್ಧ ಬಟ್ಟೆ ಕಟ್ಟಿ ವೈದ್ಯರಿಗೆ ತೋರಿಸಬೇಕು. ಪ್ರವಾಸಕ್ಕೆಂದು ಹೊಸ ಬೂಟು ಕೊಂಡಿದ್ದರೆ ತಿಂಗಳ ಮೊದಲೇ ಹಾಕಿ ಪಳಗಿಸಿರಿ.

ಚಳಿಯ ನಾಡಿನಲ್ಲಿ

ಕಟ್ರಾದಿಂದ ಶ್ರೀನಗರಕ್ಕೆ 2025ರ ಜೂನ್‌ನಿಂದ ರೈಲು ಓಡುತ್ತಿದೆ. ಗುಡ್ಡದ ತಿರುವುಗಳಲ್ಲಿ ವಾಂತಿ ಮಾಡಿಕೊಳ್ಳುವವರಿಗೆ ಇದರಿಂದ ಬಹಳ ಅನುಕೂಲ. ಶ್ರೀನಗರ ಇರುವುದು ಸುಮಾರು 1,600 ಮೀಟರ್ ಎತ್ತರದಲ್ಲಿ. ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ. ಗುಲ್ಮಾರ್ಗ್ ಸುಮಾರು 2,650 ಮೀಟರ್, ಅಲ್ಲಿನ ಗೊಂಡೋಲಾದ ಎರಡನೇ ಹಂತ 3,900 ಮೀಟರ್ ದಾಟುತ್ತದೆ. ನರಗುಂದದ ಗುಡ್ಡ ಹತ್ತಿದ ಏದುಸಿರಿನಂತಲ್ಲ ಇದು. ಗಾಳಿಯಲ್ಲಿ ಆಮ್ಲಜನಕವೇ ಕಡಿಮೆ. ಹೃದಯ, ಶ್ವಾಸಕೋಶದ ಕಾಯಿಲೆಯವರು ವೈದ್ಯರ ಒಪ್ಪಿಗೆಯಿಲ್ಲದೆ ಎರಡನೇ ಹಂತಕ್ಕೆ ಹೋಗಬೇಡಿ. ತಲೆನೋವು, ವಾಕರಿಕೆ, ತಲೆಸುತ್ತು ಬಂದರೆ ಅದಕ್ಕೆ ಕೆಳಗಿಳಿಯುವುದೇ ಔಷಧ.

ಇಲ್ಲಿಯೂ ನಮ್ಮ ಚಾಚಾ ಅವರದೇ ಚಿಂತೆ. ಚಳಿಗೆ ಎಲ್ಲರೂ ಕಾಂಗ್ಡಿ ಹಿಡಿದು ಕೂತರು. ಮರಗಟ್ಟಿದ ಪಾದಕ್ಕೆ ಕಾಂಗ್ಡಿ, ಬಿಸಿನೀರಿನ ಚೀಲ ಎರಡೂ ಕೂಡದು. ಅವರಿಗೆ ಉಣ್ಣೆಯ ಕಾಲುಚೀಲ ಹಾಕಿಸಿದೆವು. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಕೆಂಡ ಇಟ್ಟುಕೊಂಡು ಮಲಗುವುದಂತೂ ಜೀವಕ್ಕೇ ಅಪಾಯ. ಅದರಿಂದ ಬರುವ ವಿಷಗಾಳಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಮಲಗುವ ಮುನ್ನ ಹೊರಗಿಡಿಸಿ.

ಇನ್ಸುಲಿನ್ ತೆಗೆದುಕೊಳ್ಳುವವರು ಅದನ್ನು ಲಗೇಜಿನಲ್ಲಿ ಹಾಕದೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಬಳಸುತ್ತಿರುವ ಬಾಟಲಿಗೆ ಫ್ರಿಜ್ಜೇ ಬೇಕೆಂದಿಲ್ಲ. ಬಿಸಿಲು ತಾಗದ ತಂಪು ಜಾಗದಲ್ಲಿ ಸುಮಾರು ನಾಲ್ಕು ವಾರ ಬಾಳುತ್ತದೆ. ರಾಜಸ್ಥಾನದಲ್ಲಿ ಗಾಡಿಯ ಡ್ಯಾಶ್‌ಬೋರ್ಡಿನ ಮೇಲಿಟ್ಟರೆ ಕೆಡುತ್ತದೆ. ಕಾಶ್ಮೀರದಲ್ಲಿ ಹೆಪ್ಪುಗಟ್ಟಿದರೂ ಕೆಡುತ್ತದೆ, ಕರಗಿದ ಮೇಲೂ ಬಳಸುವಂತಿಲ್ಲ. ಅಲ್ಲಿ ಸ್ವೆಟರಿನ ಒಳಜೇಬಿನಲ್ಲಿಡಿ.

ಗೈಡ್‌ಗೆ ಮೊದಲೇ ಹೇಳಿ

ಈ ದೇಶದಲ್ಲಿ ಎರಡು ದಿನ ಪ್ರಯಾಣ ಮಾಡಿದರೆ ನೀರು, ಊಟ, ಹವೆ, ಮಾತು ಎಲ್ಲ ಬದಲಾಗುತ್ತವೆ. ನಮ್ಮ ಮನೆಯ ಉರ್ದು ಆಗ್ರಾದ ವೈದ್ಯರಿಗೆ ಅರ್ಧ ತಿಳಿಯಿತು, ಅರ್ಧ ತಿಳಿಯಲಿಲ್ಲ. ಗೈಡ್ ಇದ್ದದ್ದರಿಂದ ಕೆಲಸವಾಯಿತು. ಆದರೆ ಖಾಲಾ ಅವರಿಗೆ ಸಕ್ಕರೆ ಕಾಯಿಲೆ ಇದೆಯೆಂಬುದೇ ಅವನಿಗೆ ಗೊತ್ತಿರಲಿಲ್ಲ. 'ಕಾಯಿಲೆ ಇದೆ ಎಂದರೆ ಕರೆದುಕೊಂಡು ಹೋಗುವುದಿಲ್ಲ' ಎಂಬ ಭಯದಿಂದ ಮನೆಯವರೇ ಮುಚ್ಚಿಟ್ಟಿದ್ದರು.

ಮುಚ್ಚಿಡಬೇಡಿ. ಒಂದು ಹಾಳೆಯಲ್ಲಿ ಹೆಸರು, ವಯಸ್ಸು, ಕಾಯಿಲೆ, ಗುಳಿಗೆಯ ಮೂಲ ಔಷಧದ ಹೆಸರು ಮತ್ತು ಪ್ರಮಾಣ, ಯಾವ ಔಷಧ ಒಗ್ಗುವುದಿಲ್ಲ, ಮನೆಯವರ ಫೋನ್ ನಂಬರ್ ಇಷ್ಟನ್ನು ಇಂಗ್ಲಿಷಿನಲ್ಲಿ ಬರೆಸಿ. ಒಂದು ಪ್ರತಿ ನಿಮ್ಮ ಬಳಿ, ಒಂದು ಗೈಡ್ ಬಳಿ ಇರಲಿ. ಕಂಪನಿಯ ಹೆಸರು ಊರಿಂದೂರಿಗೆ ಬದಲಾಗುತ್ತದೆ, ಮೂಲ ಔಷಧದ ಹೆಸರು ಬದಲಾಗುವುದಿಲ್ಲ. ಆ ಹೆಸರಿದ್ದರೆ ಜನೌಷಧಿ ಕೇಂದ್ರದಲ್ಲೂ ಸಿಗುತ್ತದೆ. ಪ್ರವಾಸದ ದಿನಗಳಿಗಿಂತ ಒಂದು ವಾರಕ್ಕೆ ಹೆಚ್ಚು ಗುಳಿಗೆ ಒಯ್ಯಿರಿ. ಆಯುಷ್ಮಾನ್ ಕಾರ್ಡ್ ಇದ್ದರೆ ಜೊತೆಗಿರಲಿ. ತುರ್ತು ಸಹಾಯಕ್ಕೆ ದೇಶದಾದ್ಯಂತ 112, ರೈಲಿನಲ್ಲಿ 139.

ಪ್ರಯಾಣವು ಮನುಷ್ಯನ ಊಟ, ನೀರು, ನಿದ್ದೆಯನ್ನು ಕಸಿಯುವ ಕಷ್ಟವೆಂದು ಪ್ರವಾದಿವರ್ಯರು(ಸ) ಹೇಳಿದ್ದಾರೆ. ಅದಕ್ಕಾಗಿಯೇ ಪ್ರಯಾಣಿಕನಿಗೆ ನಾಲ್ಕು ರಕಅತ್‌ಗಳ ನಮಾಝ್ ಎರಡಕ್ಕೆ ಇಳಿಯಿತು, ನೀರು ಸಿಗದಾಗ, ಕಾಯಿಲೆಯಲ್ಲಿದ್ದಾಗ ತಯಮ್ಮುಮ್‌ಗೆ ಅವಕಾಶವಾಯಿತು. ವಿವರವನ್ನು ಹೊರಡುವ ಮುನ್ನ ನಿಮ್ಮ ಮಸೀದಿಯ ಇಮಾಮರಲ್ಲಿ ಕೇಳಿಕೊಳ್ಳಿ. ಅಲ್ಲಾಹನೇ ಪ್ರಯಾಣಿಕನ ಹೊರೆ ಇಳಿಸಿರುವಾಗ ನಾವು ನಾಚಿಕೆಯ ಹೊರೆ ಹೊತ್ತು ದೇಹವನ್ನು ದಂಡಿಸುವುದು ಯಾಕೆ?

ಮರುವರ್ಷ ಮತ್ತೊಂದು ತಂಡ ಹೊರಡುವುದಿತ್ತು. ಈ ಸಲ ಮೊದಲು ಒಂದು ದಿನದ ಪರೀಕ್ಷೆ ಮಾಡಿದೆವು. ಅದೇ ಬಗೆಯ ಗಾಡಿಯಲ್ಲಿ ನರಗುಂದದಿಂದ ವಿಜಯಪುರಕ್ಕೆ ಹೋಗಿ ಗೋಲಗುಮ್ಮಟ, ಇಬ್ರಾಹಿಂ ರೋಜಾ ನೋಡಿ ಸಂಜೆಗೆ ವಾಪಸ್. ಯಾರಿಗೆ ವಾಂತಿ, ಯಾರಿಗೆ ಮಂಡಿನೋವು, ಯಾವ ಮಗು ಹಟ ಮಾಡುತ್ತದೆ ಎಲ್ಲ ಒಂದೇ ದಿನದಲ್ಲಿ ತಿಳಿದುಹೋಯಿತು. ನಿಲುಗಡೆಯ ಹೊಣೆ ಯಾರಿಗೆ ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಮುಂದಿನ ಸೀಟಿನಲ್ಲಿ ಕೂತಿದ್ದ ನರಗುಂದದ ಖಾಲಾ ಗಡಿಯಾರ ನೋಡಿ ಎರಡು ಸಲ ಚಪ್ಪಾಳೆ ತಟ್ಟಿದರು: "ಎರಡ್ ತಾಸ್ ಆತು. ಗಾಡಿ ನಿಲ್ಸಪಾ. ಎಲ್ಲಾರೂ ಇಳೀರಿ, ನೀರು ಕುಡೀರಿ."